ಊರಿನ ಹೆಸರಿನಡಿ ಬರೆದವರು

ಕನ್ನಡ ದಿನಪತ್ರಿಕೆಗಳಲ್ಲಿ ತಾಲ್ಲೂಕಿನ ಸುದ್ದಿ ಊರಿನ ಹೆಸರಿನಿಂದ ಆರಂಭವಾಗುತ್ತದೆ. ‘ಸಕಲೇಶಪುರ:’ ಎಂದೋ ‘ಆಲೂರು:’ ಎಂದೋ ದಪ್ಪಕ್ಷರದಲ್ಲಿ ಅಚ್ಚಾದ ಆ ಸ್ಥಳಸೂಚಿಯ ಹಿಂದೆ ಸುದ್ದಿಯನ್ನು ಹುಡುಕಿ, ಕೇಳಿ, ಬರೆದು ಕಳುಹಿಸಿದ ವ್ಯಕ್ತಿಯೊಬ್ಬರು ಇದ್ದೇ ಇರುತ್ತಾರಾದರೂ, ಅವರ ಹೆಸರು ಬಹುಪಾಲು ಸಂದರ್ಭಗಳಲ್ಲಿ ಅಚ್ಚಾಗುವುದಿಲ್ಲ. ಆ ಜಾಗದಲ್ಲಿ ಪತ್ರಿಕೆಯ ಹೆಸರಿಗೆ ‘ವಾರ್ತೆ’ ಎಂಬ ಮಾತನ್ನು ಸೇರಿಸಿದ ಒಂದು ಸಾಲು ಇರುತ್ತದೆ. ಹಾಸನ ಜಿಲ್ಲೆಯ ಈ ಎರಡು ಮಲೆನಾಡು ತಾಲ್ಲೂಕುಗಳಲ್ಲಿ ಕಳೆದ ನಾಲ್ಕೈದು ದಶಕಗಳಿಂದ ಸುದ್ದಿಯ ಕೆಲಸ ಮಾಡಿಕೊಂಡು ಬಂದವರನ್ನು ನೆನೆಯಲು ಹೊರಟರೆ ಮೊದಲು ಎದುರಾಗುವ ತೊಡಕೂ ಇದೇ. ಅವರು ಬರೆದದ್ದು ಗ್ರಂಥಾಲಯಗಳ ಹಳೆಯ ಕಟ್ಟುಗಳಲ್ಲಿ ಸಿಕ್ಕೀತು, ಆದರೆ ಬರೆದವರು ಯಾರೆಂಬುದು ಆ ಕಟ್ಟುಗಳಲ್ಲಿ ಸಿಕ್ಕುವುದಿಲ್ಲ.

ಇಂಥವರನ್ನು ಹಿಂದೆ ಬಾತ್ಮೀದಾರರೆಂದು ಕರೆಯುತ್ತಿದ್ದರು, ಈಗ ವರದಿಗಾರರೆಂದೂ ಸ್ಟ್ರಿಂಗರ್ ಎಂದೂ ಕರೆಯುವುದು ರೂಢಿ. ಸ್ಟ್ರಿಂಗರ್ ಎಂದರೆ ಸಂಸ್ಥೆಯ ಸಂಬಳದ ನೌಕರರಲ್ಲದೆ, ಕಳುಹಿಸಿದ ಸುದ್ದಿಯ ಲೆಕ್ಕದಲ್ಲಿ ಅಥವಾ ತಿಂಗಳಿಗೊಂದು ಸಣ್ಣ ಗೌರವಧನದ ಲೆಕ್ಕದಲ್ಲಿ ಹಣ ಪಡೆಯುವ ಸುದ್ದಿಗಾರರು. ತಾಲ್ಲೂಕು ಕೇಂದ್ರಗಳಲ್ಲಿ ಈ ಕೆಲಸ ಬಹಳ ಕಾಲ ಪತ್ರಿಕೆಯ ಏಜೆನ್ಸಿಯೊಂದಿಗೇ ಬೆಸೆದುಕೊಂಡಿತ್ತು. ಬೆಳಗಿನ ಜಾವ ಬಂದ ಬಂಡಲ್ ಬಿಚ್ಚಿ ಹುಡುಗರಿಗೆ ಹಂಚುವವರು, ತಿಂಗಳ ಕೊನೆಗೆ ಮನೆಮನೆಯಿಂದ ಹಣ ವಸೂಲಿ ಮಾಡುವವರು, ಸ್ವಾತಂತ್ರ್ಯ ದಿನಕ್ಕೂ ರಾಜ್ಯೋತ್ಸವಕ್ಕೂ ಊರಿನ ಅಂಗಡಿಗಳಿಂದ ಶುಭಾಶಯದ ಜಾಹೀರಾತು ಸಂಗ್ರಹಿಸುವವರು ಮತ್ತು ಸುದ್ದಿ ಬರೆಯುವವರು ಎಷ್ಟೋ ಊರುಗಳಲ್ಲಿ ಒಬ್ಬರೇ ಆಗಿದ್ದರು. ಬರವಣಿಗೆಗಿಂತ ಜಾಹೀರಾತಿನ ಕಮಿಷನ್ನೇ ಅವರ ಕೈಗೆ ಬರುತ್ತಿದ್ದ ನಿಜವಾದ ಆದಾಯವಾಗಿದ್ದುದರಿಂದ, ತಾವು ಯಾರ ಅಂಗಡಿಯ ಮೆಟ್ಟಿಲು ಹತ್ತಿ ಜಾಹೀರಾತು ಕೇಳಬೇಕೋ ಅವರ ವಿರುದ್ಧದ ದೂರನ್ನೂ ತಾವೇ ಬರೆಯಬೇಕಾದ ಇಕ್ಕಟ್ಟು ಅವರನ್ನು ವೃತ್ತಿಜೀವನದುದ್ದಕ್ಕೂ ಬಿಡಲಿಲ್ಲ. ಆ ಇಕ್ಕಟ್ಟಿನ ನಡುವೆಯೂ ನೆಟ್ಟಗೆ ಬರೆದವರು ಈ ಎರಡು ತಾಲ್ಲೂಕುಗಳಲ್ಲಿ ಇದ್ದರೆಂಬುದು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿ ಮುಂದುವರಿಯಬಹುದು. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ನೆನಪಿಗೆ ಕರ್ನಾಟಕದಲ್ಲಿ ಆ ದಿನವನ್ನು ಪತ್ರಿಕಾ ದಿನವಾಗಿ ಆಚರಿಸಲಾಗುತ್ತದೆ. ಹಾಸನ ಸೇರಿದ್ದ ಮೈಸೂರು ಸಂಸ್ಥಾನದಲ್ಲಿ 1908ರ ವೃತ್ತಪತ್ರಿಕಾ ಕಾಯ್ದೆ ಪತ್ರಿಕೆ ನಡೆಸುವುದಕ್ಕೆ ಸರ್ಕಾರದ ಅನುಮತಿಯನ್ನು ಕಡ್ಡಾಯ ಮಾಡಿತ್ತು. ಪತ್ರಕರ್ತರು ತಮ್ಮದೇ ಸಂಘ ಕಟ್ಟಿಕೊಂಡದ್ದು 1932ರಲ್ಲಿ, ಡಿ.ವಿ. ಗುಂಡಪ್ಪನವರು ಅದರ ಮೊದಲ ಅಧ್ಯಕ್ಷರು, ಇಂದಿನ ಕರ್ನಾಟಕ ಕಾರ್ಯನಿರತ ಪತ್ರಕರ್ತರ ಸಂಘ ಅದರ ಮುಂದುವರಿಕೆ. 1948ರಲ್ಲಿ ‘ಪ್ರಜಾವಾಣಿ’, 1967ರಲ್ಲಿ ‘ಕನ್ನಡಪ್ರಭ’, 1970ರಲ್ಲಿ ಮಣಿಪಾಲದ ‘ಉದಯವಾಣಿ’, 1999ರಲ್ಲಿ ‘ವಿಜಯ ಕರ್ನಾಟಕ’ ಬಂದಂತೆಲ್ಲ ತಾಲ್ಲೂಕುಗಳ ಸುದ್ದಿಗೆ ಜಾಗ ಹಿಗ್ಗುತ್ತ ಹೋಯಿತು. ಹಾಸನದ ‘ಜನತಾ ಮಾಧ್ಯಮ’ದಂಥ ಜಿಲ್ಲಾ ಪತ್ರಿಕೆಗಳು ರಾಜ್ಯ ಪತ್ರಿಕೆಗಳಲ್ಲಿ ಒಂದು ಪ್ಯಾರಾಕ್ಕೆ ಇಳಿಯುತ್ತಿದ್ದ ಸುದ್ದಿಗೆ ಅರ್ಧ ಪುಟ ಕೊಟ್ಟವು.

ಸುದ್ದಿ ಕಳುಹಿಸುವ ಕೆಲಸ ಹೇಗಿತ್ತೆಂಬುದನ್ನು ಇಂದಿನ ಓದುಗರಿಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಕಲೇಶಪುರ ಹಾಸನದಿಂದ ಸುಮಾರು 40 ಕಿಲೋಮೀಟರ್ ಪಶ್ಚಿಮಕ್ಕೆ, ಹೇಮಾವತಿಯ ದಡದಲ್ಲಿ, ಶಿರಾಡಿ ಘಾಟಿಯ ನೆತ್ತಿಯಲ್ಲಿದೆ. ಆಲೂರು ಹಾಸನಕ್ಕೆ ಇನ್ನೂ ಹತ್ತಿರ. ಫ್ಯಾಕ್ಸ್ ಬರುವುದಕ್ಕೆ ಮುಂಚೆ ದಿನದ ಸುದ್ದಿಯನ್ನು ಬಿಳಿ ಹಾಳೆಯ ಒಂದೇ ಮಗ್ಗುಲಲ್ಲಿ, ಸಾಲುಗಳ ನಡುವೆ ತಿದ್ದಲು ಜಾಗ ಬಿಟ್ಟು ಬರೆದು, ಲಕೋಟೆಗೆ ಹಾಕಿ, ಸಂಜೆ ಹಾಸನದ ಕಡೆಗೆ ಹೊರಡುವ ಸರ್ಕಾರಿ ಬಸ್ಸಿನ ಕಂಡಕ್ಟರ ಕೈಗೆ ಕೊಡುವುದು ರೂಢಿಯಾಗಿತ್ತು. ಅಲ್ಲಿಂದ ಅದು ಬೆಂಗಳೂರಿಗೋ ಮೈಸೂರಿಗೋ ಮತ್ತೊಂದು ಬಸ್ಸು ಹತ್ತಬೇಕಿತ್ತು. ಫೋಟೊ ಇದ್ದರೆ ಸ್ಟುಡಿಯೊದವರು ಫಿಲ್ಮ್ ತೊಳೆದು ಪ್ರಿಂಟ್ ಹಾಕಿಕೊಡುವವರೆಗೆ ಕಾಯಬೇಕು, ಆ ಖರ್ಚು ಮರಳಿ ಬರುವ ಭರವಸೆಯೂ ಇಲ್ಲ. ಮುಂಗಾರಿನಲ್ಲಿ ಮರ ಬಿದ್ದು ಬಸ್ಸು ನಿಂತರೆ ಲಕೋಟೆಯೂ ನಿಂತಿತು. ಮರುದಿನ ತಲುಪಿದ ಸುದ್ದಿ ಅದರ ಮರುದಿನ ಅಚ್ಚಾಗುವ ಹೊತ್ತಿಗೆ ಹಾನಬಾಳು, ಹೆತ್ತೂರು, ಯಸಳೂರು, ಕೆಂಚಮ್ಮನ ಹೊಸಕೋಟೆ ಕಡೆಯ ಜನರಿಗೆ ಅದು ಹಳತಾಗಿರುತ್ತಿತ್ತು. ಆದರೂ ಜನ ಅದನ್ನು ಓದುತ್ತಿದ್ದರು, ಏಕೆಂದರೆ ತಮ್ಮ ಊರಿನಲ್ಲಿ ನಡೆದದ್ದು ಹೊರಗಿನವರಿಗೂ ತಿಳಿಯಿತೆಂಬ ಸಮಾಧಾನ ಅವರಿಗೆ ಬೇಕಿತ್ತು.

ಈ ಸೀಮೆಯ ವರದಿಗಾರರ ಕಸುಬಿನ ಸೂಕ್ಷ್ಮ ತಿಳಿಯಬೇಕಾದರೆ ಮಳೆಯ ಸುದ್ದಿಯನ್ನು ಗಮನಿಸಬೇಕು. ಕಾಫಿ ತೋಟಗಳಲ್ಲಿ ಮಳೆಮಾಪಕ ಇಟ್ಟು, ದಿನದಿನದ ಮಳೆಯನ್ನು ಇಂಚು ಮತ್ತು ಸೆಂಟ್ಸ್ ಲೆಕ್ಕದಲ್ಲಿ, ಅಂದರೆ ಇಂಚಿನ ನೂರನೇ ಭಾಗದವರೆಗೆ, ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಇದೆ. ತೋಟದ ಹಾಜರಿ ಮತ್ತು ಲೆಕ್ಕ ನೋಡಿಕೊಳ್ಳುವ ರೈಟರ್ ಸಾಮಾನ್ಯವಾಗಿ ಆ ಪುಸ್ತಕವನ್ನು ನಿರ್ವಹಿಸುತ್ತಾರೆ. ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಬೀಳುವ ಹೂಮಳೆ, ಅಂದರೆ ಕಾಫಿ ಗಿಡದ ಮೊಗ್ಗನ್ನು ಅರಳಿಸುವ ಮಳೆ, ಯಾವ ಹೋಬಳಿಯಲ್ಲಿ ಎಷ್ಟಾಯಿತು, ಅರಳಿದ ಹೂ ಕಾಯಿಕಟ್ಟಲು ಬೇಕಾದ ನಂತರದ ಮಳೆ ಸಕಾಲಕ್ಕೆ ಬಂದಿತೇ ಎಂಬುದರ ಮೇಲೆ ವರ್ಷದ ಫಸಲು ನಿಂತಿರುವುದರಿಂದ, ಎರಡು ಕಾಲಂನ ಆ ಸುದ್ದಿಗೆ ಬೆಳೆಗಾರರಲ್ಲೂ ವ್ಯಾಪಾರಿಗಳಲ್ಲೂ ಇದ್ದ ಮಹತ್ವ ಮುಖಪುಟದ ರಾಜಕೀಯಕ್ಕೆ ಇರಲಿಲ್ಲ. ಅಂಥ ಸುದ್ದಿ ಬರೆಯಲು ವರದಿಗಾರರು ಹತ್ತಾರು ತೋಟಗಳವರ ಸ್ನೇಹ ಗಳಿಸಿರಬೇಕು, ಯಾರ ಅಂಕಿ ನಂಬತಕ್ಕದ್ದೆಂದು ಅರಿತಿರಬೇಕು, ಒಂದೇ ದಿನ ಒಂದು ಗುಡ್ಡದ ಈ ಮಗ್ಗುಲಿಗೂ ಆ ಮಗ್ಗುಲಿಗೂ ಮಳೆಯಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆಂದು ತಿಳಿದಿರಬೇಕು. ಈ ಜ್ಞಾನವನ್ನು ಪತ್ರಿಕೋದ್ಯಮದ ಯಾವ ಪಠ್ಯವೂ ಕಲಿಸುವುದಿಲ್ಲ, ಇದಕ್ಕೆ ಯಾವ ಪ್ರಶಸ್ತಿಯೂ ಇಲ್ಲ. ಈ ಬರಹದ ದೃಷ್ಟಿಯಲ್ಲಿ ಮಲೆನಾಡಿನ ವರದಿಗಾರಿಕೆಯ ಅತ್ಯುತ್ತಮ ಮಾದರಿ ಇಂಥ ಸುದ್ದಿಯಲ್ಲೇ ಇದೆ.

ಪಿ. ಲಂಕೇಶರು 1980ರಲ್ಲಿ ‘ಲಂಕೇಶ್ ಪತ್ರಿಕೆ’ ಆರಂಭಿಸಿದ ಮೇಲೆ ಜಿಲ್ಲೆಗಳ ವರದಿಗಾರಿಕೆಗೆ ಬೇರೊಂದು ದಾರಿ ತೆರೆಯಿತು. ಜಾಹೀರಾತಿಲ್ಲದೆ ನಡೆದ ಆ ವಾರಪತ್ರಿಕೆ ಜಿಲ್ಲೆಯ ಬರಹಗಾರರಿಗೆ ಹೆಸರನ್ನೂ ಧೈರ್ಯವನ್ನೂ ಕೊಟ್ಟಿತು. ನೆರೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಅದರ ಮುಖ್ಯ ಲೇಖಕರಲ್ಲಿ ಒಬ್ಬರು. ಹಾಸನದ ಬಾನು ಮುಷ್ತಾಕ್ ಎಂಬತ್ತರ ದಶಕದಲ್ಲಿ ಆ ಪತ್ರಿಕೆಯ ವರದಿಗಾರರಾಗಿದ್ದರು, ಕೆಲವು ತಿಂಗಳು ಬೆಂಗಳೂರು ಆಕಾಶವಾಣಿಯಲ್ಲೂ ಕೆಲಸ ಮಾಡಿದರು, ಆಮೇಲೆ ವಕೀಲಿ ವೃತ್ತಿಗೆ ತಿರುಗಿದರು. ಅವರ ಕತೆಗಳನ್ನು ಮಡಿಕೇರಿಯ ದೀಪಾ ಭಾಸ್ತಿ ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದರು, 2025ರ ಮೇ ತಿಂಗಳಲ್ಲಿ ಆ ಕೃತಿಗೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಿತು. ದೀಪಾ ಅವರೂ ಪತ್ರಿಕೋದ್ಯಮದಿಂದಲೇ ಬಂದವರೆಂಬುದನ್ನು ಆ ಸಂಭ್ರಮದಲ್ಲಿ ನೆನೆದವರು ಕಡಿಮೆ. ಬಾನು ಅವರಿಗೆ ಜಗತ್ತಿನ ಮನ್ನಣೆ ದೊರೆತದ್ದು ಕತೆಗಾರ್ತಿಯಾಗಿ, ಅದು ನ್ಯಾಯವೇ. ಆದರೆ ಮುಸ್ಲಿಂ ಹೆಣ್ಣುಮಗಳೊಬ್ಬರು ಎಂಬತ್ತರ ದಶಕದ ಹಾಸನದಲ್ಲಿ ಪೊಲೀಸ್ ಠಾಣೆ, ಕಚೇರಿ, ಸಭೆಗಳಿಗೆ ಹೋಗಿ ಸುದ್ದಿ ತಂದು ಬರೆದದ್ದು ತನ್ನಷ್ಟಕ್ಕೇ ಒಂದು ಸಾಧನೆ, ಅದನ್ನು ಕತೆಗಳ ಪೀಠಿಕೆಯಂತೆ ಒಂದು ಸಾಲಿನಲ್ಲಿ ಹೇಳಿ ಮುಗಿಸುವುದು ಸರಿಯಲ್ಲ. ಜಿಲ್ಲೆಯ ಪತ್ರಿಕಾ ಇತಿಹಾಸ ಬರೆಯುವವರು ಅವರ ಆ ದಶಕದ ವರದಿಗಳನ್ನು ಹುಡುಕಿ ಪ್ರತ್ಯೇಕವಾಗಿ ಅಧ್ಯಯನ ಮಾಡಬೇಕು.

ವೃತ್ತಿಯ ಮನ್ನಣೆ ಸನ್ಮಾನದ ಶಾಲಿನಿಂದಲ್ಲ, ಕಾನೂನಿನಿಂದ ಆರಂಭವಾಗಬೇಕು. ಕಾರ್ಯನಿರತ ಪತ್ರಕರ್ತರಿಗಾಗಿ ಸಂಸತ್ತು 1955ರಲ್ಲಿ ಮಾಡಿದ ಕಾಯ್ದೆ ಪೂರ್ಣಕಾಲಿಕರ ಜೊತೆಗೆ ಅರೆಕಾಲಿಕರನ್ನೂ ಪತ್ರಕರ್ತರೆಂದು ಒಪ್ಪಿತು, ಆದರೆ ಪತ್ರಿಕಾವೃತ್ತಿಯೇ ಅವರ ಪ್ರಧಾನ ಕಸುಬಾಗಿರಬೇಕೆಂಬ ಷರತ್ತನ್ನು ಇಟ್ಟಿತು. ಕೇಳಲು ಸರಳವಾಗಿರುವ ಈ ಷರತ್ತು ತಾಲ್ಲೂಕಿನಲ್ಲಿ ಕಗ್ಗಂಟಾಗುತ್ತದೆ. ಸಿಗುವ ಗೌರವಧನದಲ್ಲಿ ಸಂಸಾರ ನಡೆಯದ ಕಾರಣ ವರದಿಗಾರರು ಎರಡು ಎಕರೆ ಕಾಫಿಯನ್ನೋ ಶುಂಠಿಯನ್ನೋ ನೋಡಿಕೊಳ್ಳುತ್ತಾರೆ, ಜೆರಾಕ್ಸ್ ಅಂಗಡಿ ಇಡುತ್ತಾರೆ, ವಿಮೆಯ ಏಜೆನ್ಸಿ ಹಿಡಿಯುತ್ತಾರೆ. ಹಾಗೆ ಮಾಡಿದ ಕೂಡಲೇ ಪತ್ರಿಕಾವೃತ್ತಿ ಅವರ ಪ್ರಧಾನ ಕಸುಬಲ್ಲವೆಂದು ಹೇಳಲು ದಾರಿಯಾಗುತ್ತದೆ. ಸಂಬಳ ಸಾಲದ್ದಕ್ಕೆ ಬೇರೆ ಕಸುಬು, ಬೇರೆ ಕಸುಬಿದ್ದುದಕ್ಕೆ ಸಂಬಳದ ಹಕ್ಕಿಲ್ಲ ಎಂಬ ಈ ಸುತ್ತಿನಿಂದ ಹೊರಬಂದವರು ವಿರಳ. ವೇತನ ಮಂಡಳಿಗಳು ಒಂದಾದ ಮೇಲೊಂದು ಬಂದವು. ಮಜೀಠಿಯಾ ಮಂಡಳಿಯ ಶಿಫಾರಸುಗಳನ್ನು 2011ರಲ್ಲಿ ಸರ್ಕಾರ ಅಧಿಸೂಚಿಸಿತು, 2014ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನೇಮಕಾತಿ ಪತ್ರವೇ ಇಲ್ಲದ ತಾಲ್ಲೂಕು ವರದಿಗಾರರಿಗೆ ಆ ತೀರ್ಪನ್ನು ಹಿಡಿದು ಕೇಳಲು ಕೈಯಲ್ಲಿ ಕಾಗದವಿರಲಿಲ್ಲ. ಗ್ರಾಮೀಣ ಪತ್ರಕರ್ತರಿಗೆ ಉಚಿತ ಬಸ್ ಪಾಸ್ ನೀಡುವ ರಾಜ್ಯ ಸರ್ಕಾರದ ಇತ್ತೀಚಿನ ಯೋಜನೆ ಸ್ವಾಗತಾರ್ಹವೇ ಆದರೂ, ಅಲ್ಲಿಯೂ ಕೊನೆಗೆ ಕೇಳುವುದು ಸಂಸ್ಥೆಯ ದಾಖಲೆಯನ್ನೇ.

ಬಾನುಲಿಯ ಕತೆ ಬೇರೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆರಂಭಿಸಿದ ‘ಆಕಾಶವಾಣಿ’ಯ ಹೆಸರು ಮುಂದೆ ದೇಶದ ಬಾನುಲಿಗೇ ನಿಂತಿತು. ಸಕಲೇಶಪುರದ ಕಣಿವೆಗಳಲ್ಲಿ ಬಹುಕಾಲ ಕೇಳುತ್ತಿದ್ದುದು ಭದ್ರಾವತಿ ಮತ್ತು ಮಂಗಳೂರು ಕೇಂದ್ರಗಳ ಮಧ್ಯಮ ತರಂಗದ ಪ್ರಸಾರ. ಈ ತರಂಗ ನೆಲದ ಮೈಗುಂಟ ಬಹುದೂರ ಸಾಗುವುದರಿಂದ ಗುಡ್ಡಗಳು ಅದಕ್ಕೆ ಹೆಚ್ಚು ಅಡ್ಡಿಯಾಗುವುದಿಲ್ಲ. ಹಾಸನ ಆಕಾಶವಾಣಿಯ 102.2 ಎಫ್.ಎಂ. ಪ್ರಸಾರ ಬಂದ ಮೇಲೆ ಜಿಲ್ಲೆಯದೇ ಧ್ವನಿ ಕೇಳತೊಡಗಿತಾದರೂ, ಎಫ್.ಎಂ. ತರಂಗ ನೇರಗೆರೆಯಲ್ಲಿ ಸಾಗುವುದರಿಂದ ಗುಡ್ಡದ ಮರೆಯ ಮನೆಗಳಲ್ಲಿ ರೇಡಿಯೊವನ್ನು ಕಿಟಕಿಯ ಹಲಗೆಯ ಮೇಲಿಟ್ಟು ಏರಿಯಲ್ ತಿರುಗಿಸಿ ಹಿಡಿಯಬೇಕಾಗುತ್ತಿತ್ತು. ಆ ಕೇಂದ್ರದ ಮೂಲಕ ಈ ತಾಲ್ಲೂಕುಗಳ ಕೃಷಿಕರು, ಶಿಕ್ಷಕರು, ಸೋಬಾನೆ ಹಾಡುವ ಹೆಂಗಸರು ಮೊದಲ ಬಾರಿಗೆ ತಮ್ಮ ಮಾತನ್ನು ತಾವೇ ರೇಡಿಯೊದಲ್ಲಿ ಕೇಳಿದರು.

ಅಲ್ಲಿ ದುಡಿದವರಲ್ಲಿ ಬಹುಮಂದಿ ಸಾಂದರ್ಭಿಕ ಉದ್ಘೋಷಕರು, ಅಂದರೆ ಕಾಯಂ ನೌಕರಿಯಿಲ್ಲದೆ ಸರದಿಯ ಮೇಲೆ ಕರೆಯಿಸಿಕೊಳ್ಳುವವರು. ಧ್ವನಿ ಪರೀಕ್ಷೆ, ಲಿಖಿತ ಪರೀಕ್ಷೆ, ‘ವಾಣಿ’ ಎಂಬ ತರಬೇತಿಯ ಪ್ರಮಾಣಪತ್ರ ಎಲ್ಲವನ್ನೂ ದಾಟಿ ಬಂದರೂ ತಿಂಗಳಿಗೆ ಆರು ಸರದಿಗಿಂತ ಹೆಚ್ಚು ದೊರೆಯದ ನಿಯಮದಿಂದಾಗಿ, ಇಪ್ಪತ್ತು ವರ್ಷ ಮೈಕಿನ ಮುಂದೆ ಕುಳಿತವರಿಗೂ ಅದು ಜೀವನಾಧಾರವಾಗಲಿಲ್ಲ. ಜಿಲ್ಲೆಗೊಬ್ಬರಂತೆ ಇರುವ ಆಕಾಶವಾಣಿಯ ಅರೆಕಾಲಿಕ ಬಾತ್ಮೀದಾರರ ಸ್ಥಿತಿಯೂ ಬಹಳ ಭಿನ್ನವಲ್ಲ. ಆದರೂ ಪತ್ರಿಕೆಯ ವರದಿಗಾರರಿಗೆ ಸಿಗದಿದ್ದ ಒಂದು ಮನ್ನಣೆ ಬಾನುಲಿಯವರಿಗೆ ಸಿಕ್ಕಿತ್ತು. ಕಾರ್ಯಕ್ರಮದ ಕೊನೆಗೆ ಅವರ ಹೆಸರನ್ನು ಹೇಳಲಾಗುತ್ತಿತ್ತು, ಕೇಳುಗರು ಅಂಚೆ ಕಾರ್ಡಿನಲ್ಲಿ ಆ ಹೆಸರಿಗೇ ಬರೆಯುತ್ತಿದ್ದರು, ಸಂತೆಯಲ್ಲಿ ಸೊಪ್ಪಿನ ಬೆಲೆ ಕೇಳಿದ ಧ್ವನಿಯನ್ನು ಗುರುತಿಸಿ ‘ನೀವು ರೇಡಿಯೊದಲ್ಲಿ ಮಾತಾಡೋರಲ್ವಾ ಮೇಡಂ?’ ಎಂದು ಕೇಳುವವರಿದ್ದರು. ಈ ವೃತ್ತಿಯನ್ನು ಅಷ್ಟು ವರ್ಷ ಹಿಡಿದುಕೊಳ್ಳಲು ಅವರಿಗೆ ಬಲ ಕೊಟ್ಟದ್ದು ಇದೇ ಇರಬೇಕು.

2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಟಿವಿ9 ಬಂದ ಮೇಲೆ ತಾಲ್ಲೂಕುಗಳಿಗೆ ಕ್ಯಾಮೆರಾ ಬಂತು, ಕ್ಯಾಮೆರಾ ಕೊಳ್ಳುವ ಸಾಲವೂ ಬಂತು. ದೃಶ್ಯವನ್ನು ಕ್ಯಾಸೆಟ್ಟಿನಲ್ಲಿ ಬಸ್ಸಿಗೆ ಕೊಟ್ಟು ಕಳುಹಿಸುವ ಹಂತ ಬೇಗನೆ ಮುಗಿದು, ಮೊಬೈಲಿನಲ್ಲೇ ಎಲ್ಲವೂ ಹೋಗುವಂತಾಯಿತು. ವೇಗ ಹೆಚ್ಚಿದಷ್ಟೂ ಅಪಾಯವೂ ಹೆಚ್ಚಿತು. 2018ರ ಆಗಸ್ಟಿನ ಭೂಕುಸಿತಗಳಲ್ಲಿ, 2024ರ ಜುಲೈನಲ್ಲಿ ದೊಡ್ಡತಪ್ಪಲು ಬಳಿ ರಾಷ್ಟ್ರೀಯ ಹೆದ್ದಾರಿ 75ರ ಮೇಲೆ ಮಣ್ಣು ಜಾರಿದಾಗ, ಅದೇ ತಿಂಗಳ ಕೊನೆಗೆ ಕಡಗರವಳ್ಳಿ ಮತ್ತು ಯಡಕುಮೇರಿ ನಡುವೆ ರೈಲು ಹಳಿಯ ಬುಡ ಕುಸಿದು ಬೆಂಗಳೂರು–ಮಂಗಳೂರು ರೈಲು ನಿಂತಾಗ, ನಾಡಿಗೆಲ್ಲ ಸುದ್ದಿ ಮುಟ್ಟಿಸಿದವರು ಮಳೆಯಲ್ಲಿ ಬೈಕಿನ ಮೇಲೆ ಹೋದ ಸ್ಥಳೀಯರು. ಬಯಲುಸೀಮೆಗೆ ನೀರೊಯ್ಯುವ ಎತ್ತಿನಹೊಳೆ ಯೋಜನೆಯನ್ನು ಅದರ ಆರಂಭದಿಂದ 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಯಾಗುವವರೆಗೆ ಬಿಡದೆ ಹಿಂಬಾಲಿಸಿದವರೂ ಅವರೇ. 24 ಟಿಎಂಸಿ ನೀರಿನ ಲೆಕ್ಕವನ್ನು ರಾಜಧಾನಿಯ ಸುದ್ದಿಮನೆಗಳು ಚರ್ಚಿಸುತ್ತಿದ್ದಾಗ, ಕೊಳವೆಮಾರ್ಗದ ಅಕ್ಕಪಕ್ಕದ ಗದ್ದೆ, ತೋಟ, ಹಳ್ಳಗಳ ಪಾಡನ್ನು ಊರೂರಿಗೆ ಹೋಗಿ ನೋಡಿ ಬರೆದ ವರದಿಗಳು ಜಿಲ್ಲಾ ಪುಟಗಳಲ್ಲೇ ಉಳಿದುಹೋದವು.

2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದ ದಬ್ಬಳ್ಳಿಕಟ್ಟೆಯಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ಅರ್ಜುನ ಸತ್ತ. ಎಂಟು ಬಾರಿ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತಿದ್ದ ಆ ಆನೆಯ ಸಾವು ರಾಜ್ಯವನ್ನೇ ಕಲಕಿತು, ದೊಡ್ಡ ವಾಹಿನಿಗಳ ವಾಹನಗಳು ಕಾಡಿನ ದಾರಿ ಹಿಡಿದವು. ಅದಕ್ಕೆ ಎಷ್ಟೋ ವರ್ಷ ಮೊದಲಿನಿಂದ ಆಲೂರು–ಸಕಲೇಶಪುರದ ಆನೆ ಸಮಸ್ಯೆಯನ್ನು, ತುಳಿತಕ್ಕೆ ಸಿಕ್ಕಿ ಸತ್ತ ತೋಟದ ಕಾರ್ಮಿಕರ ಮನೆಗಳನ್ನು, ಪರಿಹಾರದ ಕಡತಗಳನ್ನು, ಹಿಡಿದು ಸಾಗಿಸಿದ ಮೇಲೂ ಕಡಿಮೆಯಾಗದ ಆನೆಗಳನ್ನು ಕುರಿತು ಬರೆದವರಿಗೆ ಆ ದಿನ ವಾಹಿನಿಗಳ ಚರ್ಚೆಯಲ್ಲಿ ಕೂರಲು ಕರೆ ಬಂದದ್ದು ಕಡಿಮೆ. ಅವರಿಗೆ ಬಂದ ಕರೆಗಳು ದಾರಿ ತೋರಿಸಲು, ಮಾವುತರ ಪರಿಚಯ ಮಾಡಿಸಲು. ಇದು ಯಾರೊಬ್ಬರ ಉದ್ದೇಶಪೂರ್ವಕ ಅವಗಣನೆಯಲ್ಲದಿರಬಹುದು. ಆದರೆ ವಿಷಯ ಬಲ್ಲವರಿಗೂ ಮಾತನಾಡುವವರಿಗೂ ನಡುವೆ ಇಷ್ಟು ಅಂತರವಿರುವುದು ಸುದ್ದಿಗೇ ಆಗುವ ನಷ್ಟ.

ಇಂದು ಈ ಬೆಟ್ಟಗಳಲ್ಲಿ ಬೆಳಗ್ಗೆ ಎಲ್ಲರಿಗೂ ಬೇಕಾದ ಮೊದಲ ಸುದ್ದಿ ಆನೆ ಎಲ್ಲಿದೆ ಎಂಬುದು. ಭೀಮ, ಭುವನೇಶ್ವರಿ, ಬೀಟಮ್ಮ ಎಂದು ಜನರೇ ಹೆಸರಿಟ್ಟು ಗುರುತಿಸುವ ಆನೆಗಳು ಯಾವ ತೋಟ ದಾಟಿದವೆಂಬ ಮಾಹಿತಿಯನ್ನು ಅರಣ್ಯ ಇಲಾಖೆಯ ಕಾವಲು ಸಿಬ್ಬಂದಿ ಮೊಬೈಲ್ ಸಂದೇಶಗಳಲ್ಲೂ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಹಂಚುತ್ತಾರೆ. ಪ್ರಾಣ ಉಳಿಸುವ ಈ ಪ್ರಸಾರವನ್ನು ಪತ್ರಿಕೋದ್ಯಮದ ಭಾಗವೆಂದು ಯಾರೂ ಎಣಿಸಿಲ್ಲ, ಎಣಿಸಬೇಕೆಂಬುದು ಈ ಬರಹದ ಅಭಿಪ್ರಾಯ. ಹೀಗೆ ಮೊಬೈಲಿನಲ್ಲಿ ತಲುಪುವ ಮತ್ತೊಂದು ಹೊಸ ಮಾಧ್ಯಮವಾದ ಪಾಡ್‌ಕಾಸ್ಟ್ ಎಂಬುದು ಅಂತರ್ಜಾಲದಲ್ಲಿ ಕಂತುಕಂತಾಗಿ ದೊರೆಯುವ, ಬೇಕಾದಾಗ ಇಳಿಸಿಕೊಂಡು ಕೇಳಬಹುದಾದ ಧ್ವನಿ ಕಾರ್ಯಕ್ರಮ. ಕನ್ನಡದಲ್ಲಿ ‘ತಲೆ ಹರಟೆ’ಯಂಥ ಸರಣಿಗಳು ಈ ಮಾಧ್ಯಮಕ್ಕೆ ನಾಂದಿ ಹಾಡಿದವು, ಆದರೆ ಅದು ಇನ್ನೂ ಹೆಚ್ಚಾಗಿ ಬೆಂಗಳೂರಿನ ಮಾತಾಗಿಯೇ ಉಳಿದಿದೆ. ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಸಿಗದ ಊರುಗಳಿಗೆ ಇಳಿಸಿಕೊಂಡು ಕೇಳುವ ಈ ಪದ್ಧತಿ ಚೆನ್ನಾಗಿ ಒಗ್ಗೀತು. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಕನ್ನಡದ ಜೊತೆಗೆ ತುಳು, ತಮಿಳು, ಮಲಯಾಳಂ ಬೆರೆತ ಮಾತುಗಳಿವೆ, ಅವುಗಳಿಗೆ ಪತ್ರಿಕೆಯಲ್ಲೂ ಬಾನುಲಿಯಲ್ಲೂ ಜಾಗ ಸಿಕ್ಕಿದ್ದು ಕಡಿಮೆ, ಪಾಡ್‌ಕಾಸ್ಟಿನಲ್ಲಿ ಸಿಕ್ಕೀತು. ಸಕಲೇಶಪುರ ತಾಲ್ಲೂಕಿನ ಬೆಳ್ಳೇಕೆರೆಯಲ್ಲಿ ಪ್ರಸಾದ್ ರಕ್ಷಿದಿಯವರು ಹಳ್ಳಿಯವರನ್ನೂ ತೋಟದ ಕಾರ್ಮಿಕರನ್ನೂ ಕೂಡಿಸಿ ರಂಗಭೂಮಿ ಕಟ್ಟಿ, ಅದರ ಅನುಭವವನ್ನು ಪುಸ್ತಕವಾಗಿ ಬರೆದದ್ದನ್ನು ನೋಡಿದರೆ, ಈ ತಾಲ್ಲೂಕಿನಲ್ಲಿ ಹೇಳುವವರಿಗೆ ಕೊರತೆಯಿಲ್ಲವೆಂಬುದು ಸ್ಪಷ್ಟ.

ಪ್ರಶಸ್ತಿಗಳ ವಿಷಯದಲ್ಲಿ ರಾಜ್ಯ ಹಿಂದುಳಿದಿಲ್ಲ. ಟಿ.ಎಸ್. ರಾಮಚಂದ್ರರಾವ್ ಮತ್ತು ಮೊಹರೆ ಹಣಮಂತರಾಯರ ಹೆಸರಿನ ಸರ್ಕಾರಿ ಪ್ರಶಸ್ತಿಗಳಿವೆ. ಮಾಧ್ಯಮ ಅಕಾಡೆಮಿ ವಾರ್ಷಿಕ ಪ್ರಶಸ್ತಿಗಳ ಜೊತೆಗೆ ಜಿಲ್ಲಾ ಪತ್ರಿಕೆಗೆ ‘ಆಂದೋಲನ’, ಸಾಮಾಜಿಕ ಸಮಸ್ಯೆಯ ಲೇಖನಕ್ಕೆ ‘ಅಭಿಮಾನಿ’, ಮಾನವೀಯ ವರದಿಗೆ ‘ಮೈಸೂರು ದಿಗಂತ’ ದತ್ತಿ ಪ್ರಶಸ್ತಿಗಳನ್ನು ಕೊಡುತ್ತ ಬಂದಿದೆ. ಆದರೆ ಒಂದು ವರದಿಯನ್ನು ತನ್ನದೆಂದು ಸಲ್ಲಿಸಬೇಕಾದರೆ ಅದರ ಮೇಲೆ ಹೆಸರಿರಬೇಕು, ಇಲ್ಲವೇ ಸಂಪಾದಕರು ದೃಢೀಕರಿಸಬೇಕು. ಊರಿನ ಹೆಸರಿನಡಿ ಮೂವತ್ತು ವರ್ಷ ಬರೆದವರು ಈ ಬಾಗಿಲಲ್ಲೇ ನಿಲ್ಲುತ್ತಾರೆ. ಸುದ್ದಿ ಎಷ್ಟೇ ಚಿಕ್ಕದಾಗಿರಲಿ, ಕೊನೆಯಲ್ಲಿ ವರದಿಗಾರರ ಹೆಸರು ಹಾಕುವುದು ಪತ್ರಿಕೆಗಳಿಗೆ ಒಂದು ಪೈಸೆಯ ಖರ್ಚೂ ಇಲ್ಲದ ಸುಧಾರಣೆ. ಅದನ್ನು ನಾಳೆಯೇ ಮಾಡಬಹುದು.

ಈಗಾಗಲೇ ಬರೆದು ಹೋದವರ ವಿಷಯದಲ್ಲಿ ಆಗಬೇಕಾದದ್ದು ಸಂಗ್ರಹ. ಆಲೂರು, ಸಕಲೇಶಪುರಗಳ ಹಿರಿಯ ವರದಿಗಾರರ ಮನೆಗಳಲ್ಲಿ ಕತ್ತರಿಸಿ ಅಂಟಿಸಿಟ್ಟ ಸುದ್ದಿಗಳ ಪುಸ್ತಕಗಳಿವೆ, ಸ್ಟುಡಿಯೊಗಳಲ್ಲಿ ನೆಗೆಟಿವ್‌ಗಳಿವೆ, ಹಾಡು–ಭಾಷಣ ಮುದ್ರಿಸಿದ ಕ್ಯಾಸೆಟ್ಟುಗಳಿವೆ, ತೋಟಗಳಲ್ಲಿ ಮಳೆಯ ಪುಸ್ತಕಗಳಿವೆ. ಮಲೆನಾಡಿನ ಶೀತಕ್ಕೆ ಇವೆಲ್ಲ ಬೂಸಲು ಹಿಡಿಯುತ್ತಿವೆ. ಇವುಗಳನ್ನು ಉಳಿಸಿ ಸ್ಕ್ಯಾನ್ ಮಾಡಿಸುವ, ಬದುಕಿರುವ ಹಿರಿಯರನ್ನು ಕೂರಿಸಿ ಯಾವ ಸುದ್ದಿ ಯಾರು ಬರೆದದ್ದೆಂದು ಕೇಳಿ ಅವರ ಧ್ವನಿಯಲ್ಲೇ ಮುದ್ರಿಸಿಕೊಳ್ಳುವ ಕೆಲಸವನ್ನು ಪತ್ರಕರ್ತರ ಸಂಘದ ತಾಲ್ಲೂಕು ಘಟಕಗಳು, ಸಾರ್ವಜನಿಕ ಗ್ರಂಥಾಲಯಗಳು ಮತ್ತು ಹಾಸನದ ವಿಶ್ವವಿದ್ಯಾಲಯ ಆವರಣವಾದ ಹೇಮಗಂಗೋತ್ರಿಯ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕು. ಓದುಗರ ಮನೆಯ ಅಟ್ಟದಲ್ಲಿ ಅಂಥದೊಂದು ಕಟ್ಟು ಇದ್ದರೆ ದಯವಿಟ್ಟು ಅದನ್ನು ರದ್ದಿಗೆ ಹಾಕಬೇಡಿ. ಅದರಲ್ಲಿರುವ ಸುದ್ದಿಗಳನ್ನು ಬರೆದವರು ಯಾರೆಂದು ತಿಳಿದಿದ್ದರೆ ಆ ಹೆಸರನ್ನು ಹಾಳೆಯ ಅಂಚಿನಲ್ಲಿ ಬರೆದು, ಸಮೀಪದ ಗ್ರಂಥಾಲಯಕ್ಕೆ ತಲುಪಿಸಿ.